ಮಲಪ್ರಭೆಯ ಎರೆನಾಡಿನಲ್ಲಿ ನೂಲು ಮತ್ತು ಹೆಣಿಗೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳು ಮಲಪ್ರಭಾ ನದಿಯ ಬಯಲಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹಬ್ಬಿಕೊಂಡಿದ್ದು, ನೂಲಿನ ಕೆಲಸಕ್ಕೆ ಬೇಕಾದುದೆಲ್ಲವೂ ಒಂದು ಕಾಲಕ್ಕೆ ಈ ನಾಲ್ಕರ ಎಲ್ಲೆಯೊಳಗೇ ದೊರೆಯುತ್ತಿತ್ತು. ಬೈಲಹೊಂಗಲ ಮತ್ತು ಸವದತ್ತಿಯ ಎರೆ, ಅಂದರೆ ತೇವವನ್ನು ಬಹುದಿನ ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು, ಹತ್ತಿಗೆ ಹೇಳಿ ಮಾಡಿಸಿದ ನೆಲ. ಅದೇ ಸೀಮೆಯ ಬೀಳು ಮತ್ತು ಗುಡ್ಡಗಳು ಕುರಿಹಿಂಡುಗಳ ಮೇವಿನ ತಾಣ. ಮಳೆ ಕಡಿಮೆಯಾಗುತ್ತ ಹೋಗುವ ರಾಮದುರ್ಗದ ಕಡೆಗೆ ಮಗ್ಗಗಳ ಊರುಗಳು. ಮಲೆನಾಡಿನ ಮಗ್ಗುಲಿಗೆ ತಾಗಿಕೊಂಡ ಕಿತ್ತೂರಿನ ಪಶ್ಚಿಮದ ಅಂಚಿನಲ್ಲಿ ಮಳೆಗಾಲವೆಲ್ಲ ಕಂಬಳಿಯ ಕೊಪ್ಪೆಯಿಲ್ಲದೆ ಹೊಲಕ್ಕೆ ಇಳಿಯಲಾಗದ ರೈತರು. ಬೆಳೆಯುವವರು, ನೂಲುವವರು, ನೇಯುವವರು ಮತ್ತು ಉಡುವವರು ಒಂದು ವಾರದ ಸಂತೆಯ ಸುತ್ತಿನಲ್ಲೇ ಪರಸ್ಪರ ಎದುರಾಗುತ್ತಿದ್ದ ಇಂಥ ಸೀಮೆಯಲ್ಲಿ ನೂಲುವ ಕೆಲಸಕ್ಕೆ ದೀರ್ಘವಾದ ಚರಿತ್ರೆಯಿದೆ. ಆದರೆ ಆ ಚರಿತ್ರೆಯನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ದಾಖಲೆಗಳ ಮೌನ.

ಈ ಮೌನಕ್ಕೆ ಕಾರಣವಿದೆ. ನೇಯ್ಗೆಗೆ ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪದ್ಮಸಾಲಿ ಮೊದಲಾದ ಸಮುದಾಯಗಳಿದ್ದವು. ಮಗ್ಗದ ಮೇಲೆ ತೆರಿಗೆಯಿತ್ತು, ಆ ತೆರಿಗೆಯನ್ನು ಹಳೆಯ ಶಾಸನಗಳು ಮಗ್ಗದೆರೆ ಎಂಬ ಹೆಸರಿನಿಂದ ಉಲ್ಲೇಖಿಸುತ್ತವೆ. ಆದುದರಿಂದ ಮಗ್ಗಗಳನ್ನು ಎಣಿಸಿದರು, ನೇಕಾರರ ಹೆಸರನ್ನು ಬರೆದಿಟ್ಟರು. ನೂಲುವುದಾದರೋ ಯಾವ ಒಂದು ಜಾತಿಯ ಕಸುಬೂ ಆಗಿರಲಿಲ್ಲ. ಒಕ್ಕಲುತನದ ಮನೆಯ ಸೊಸೆ, ಗಂಡನನ್ನು ಕಳೆದುಕೊಂಡ ಹೆಂಗಸು, ಹೊಲದ ಕೆಲಸಕ್ಕೆ ಹೋಗಲಾಗದ ಮುದುಕಿ, ಇನ್ನೂ ಮದುವೆಯಾಗದ ಹುಡುಗಿ, ಹೀಗೆ ಮನೆಯಲ್ಲಿ ಹೊತ್ತು ಉಳಿದವರೆಲ್ಲ ನೂಲುತ್ತಿದ್ದರು, ಮತ್ತು ಉಳಿದ ಹೊತ್ತಿನ ಕೆಲಸವೆಂಬ ಕಾರಣಕ್ಕೇ ಅದನ್ನು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಮಗ್ಗ ತಡೆಯಿಲ್ಲದೆ ನಡೆಯಬೇಕಾದರೆ ಹಲವು ರಾಟಿಗಳು ತಿರುಗಬೇಕು ಎಂಬುದನ್ನು ನೆನಪಿಟ್ಟರೆ, ಬಟ್ಟೆಯ ಹಿಂದಿನ ದುಡಿಮೆಯಲ್ಲಿ ಹೆಚ್ಚಿನ ಪಾಲು ಲೆಕ್ಕದ ಪುಸ್ತಕದ ಹೊರಗೇ ಉಳಿಯಿತೆಂಬುದು ಸ್ಪಷ್ಟವಾಗುತ್ತದೆ. ಇಂದು ಹವ್ಯಾಸವೆಂದು ಕರೆಯುವ ಬಿಡುವಿನ ಕೈಗೆಲಸಕ್ಕೂ ಹೊಟ್ಟೆಪಾಡಿನ ಕಸುಬಿಗೂ ನಡುವೆ ಈ ಸೀಮೆಯಲ್ಲಿ ಗೆರೆ ಬಿದ್ದದ್ದು ತೀರ ಈಚೆಗೆ. ಆ ಗೆರೆ ಹೇಗೆ ಬಿದ್ದಿತೆಂಬುದೇ ಇಲ್ಲಿಯ ನೂಲಿನ ಚರಿತ್ರೆಯ ಮುಖ್ಯ ಸಂಗತಿ.

ಕೆಲಸದ ಕ್ರಮವನ್ನು ಮೊದಲು ಗಮನಿಸಬೇಕು. ಹೊಲದಿಂದ ಬಿಡಿಸಿ ತಂದ ಬೀಜಸಹಿತ ಹತ್ತಿಯನ್ನು ಬಿಸಿಲಿಗೆ ಹರಡಿ ಒಣಗಿಸಿದ ಮೇಲೆ ಎಳೆಯನ್ನು ಬೀಜದಿಂದ ಬೇರ್ಪಡಿಸಬೇಕು. ಈ ಭಾಗದ ಜವಾರಿ ಹತ್ತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಹೆಂಗಸರು ಚಪ್ಪಟೆಯಾದ ಕಲ್ಲಿನ ಮೇಲೆ ಹತ್ತಿಯನ್ನಿಟ್ಟು, ಕಬ್ಬಿಣದ ಸರಳೊಂದನ್ನು ಅಂಗಾಲಿನಿಂದ ಉರುಳಿಸುತ್ತ ಬೀಜವನ್ನು ಮುಂದಕ್ಕೆ ನೂಕುವ ಪದ್ಧತಿ ಹಳೆಯ ಧಾರವಾಡ–ಬೆಳಗಾವಿ ಸೀಮೆಯಲ್ಲಿತ್ತು. ಹತ್ತಿಕಾಳು ದನಗಳ ಮೇವಿಗೆ ಹೋದರೆ, ಬೇರ್ಪಟ್ಟ ಅರಳೆ ನದಾಫರ ಬಿಲ್ಲಿಗೆ ಬರುತ್ತಿತ್ತು. ಪಿಂಜಾರರೆಂದೂ ಕರೆಯಲಾಗುವ ಈ ಮುಸ್ಲಿಮ್ ಸಮುದಾಯದವರು ಆಳೆತ್ತರದ ಬಿಲ್ಲಿನ ಹುರಿಯನ್ನು ಅರಳೆಗೆ ತಾಗಿಸಿ ಹಿಡಿದು ಮರದ ಗುಂಡಿನಿಂದ ಮೀಟುತ್ತಿದ್ದರು. ಹುರಿಯ ಅದುರಿಗೆ ಎಳೆಗಳು ಬಿಡಿಬಿಡಿಯಾಗಿ ಮೇಲೇಳುತ್ತಿದ್ದವು, ಕಸ ಮತ್ತು ಎಲೆಯ ಚೂರು ಕೆಳಗುದುರುತ್ತಿದ್ದವು. ಹೀಗೆ ಹಿಂಜಿದ ಅರಳೆಯನ್ನು ತೆಳುವಾದ ಕಡ್ಡಿಗೆ ಸುತ್ತಿ, ಹಲಗೆಯ ಮೇಲೆ ಅಂಗೈಯಿಂದ ಹೊರಳಿಸಿ, ಕಡ್ಡಿಯನ್ನು ಎಳೆದು ತೆಗೆದರೆ ಉಳಿಯುವ ಗೇಣುದ್ದದ ಟೊಳ್ಳು ಸುರುಳಿಯೇ ಹಂಜಿ. ಹಂಜಿ ಚೆನ್ನಾಗಿದ್ದರೆ ಅರ್ಧ ನೂಲು ಆದಂತೆಯೇ. ಅದು ಗಂಟುಗಂಟಾಗಿದ್ದರೆ ಎಂಥ ನುರಿತ ಕೈಯಿದ್ದರೂ ಎಳೆ ತುಂಡಾಗುತ್ತದೆ.

ರಾಟಿಯ ಮುಂದೆ ಕುಳಿತವಳ ಬಲಗೈ ಚಕ್ರದ ಹಿಡಿಕೆಯನ್ನು ತಿರುವುತ್ತದೆ. ಚಕ್ರದಿಂದ ಹಾದುಬಂದ ದಾರವು ಕದಿರನ್ನು, ಅಂದರೆ ಚೂಪು ತುದಿಯ ತೆಳುವಾದ ಸಲಾಕೆಯನ್ನು, ಚಕ್ರಕ್ಕಿಂತ ಹಲವು ಪಟ್ಟು ವೇಗವಾಗಿ ತಿರುಗಿಸುತ್ತದೆ. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿದ ಹಂಜಿಯನ್ನು ಕದಿರಿನ ತುದಿಯಿಂದ ಹಿಂದಕ್ಕೆ, ತೋಳು ಚಾಚುವಷ್ಟು ದೂರ ಎಳೆದಾಗ ಎಳೆಗಳು ಜಾರುತ್ತ ತಿರುಪುಗೊಂಡು ನೂಲಾಗುತ್ತವೆ. ತಿರುಪು ಸಾಕಾಯಿತೆಂದು ಬೆರಳಿಗೆ ತಿಳಿದೊಡನೆ ಚಕ್ರವನ್ನು ಕೊಂಚ ಹಿಮ್ಮುಖವಾಗಿ ತಿರುಗಿಸಿ ತುದಿಯ ಸುತ್ತನ್ನು ಬಿಚ್ಚಿ, ಕೈಯನ್ನು ಮೇಲೆತ್ತಿ, ಮತ್ತೆ ಮುಮ್ಮುಖವಾಗಿ ತಿರುಗಿಸಿದರೆ ನೂಲು ಕದಿರಿನ ಮೈಗೆ ಸುತ್ತಿಕೊಂಡು ನಡು ಉಬ್ಬಿದ ಕುಕ್ಕಡಿಯಾಗಿ ಬೆಳೆಯುತ್ತದೆ. ಎಡಗೈ ಎಳೆಯುವ ವೇಗ ಮತ್ತು ಬಲಗೈ ತಿರುವುವ ವೇಗ ಒಂದಕ್ಕೊಂದು ಹೊಂದಬೇಕು: ಎಳೆತ ಹೆಚ್ಚಾದರೆ ನೂಲು ಹರಿಯುತ್ತದೆ, ತಿರುಪು ಹೆಚ್ಚಾದರೆ ಮುರಿಗೊಂಡು ಗಂಟಾಗುತ್ತದೆ. ಈ ಹೊಂದಾಣಿಕೆಯನ್ನು ಮಾತಿನಲ್ಲಿ ಹೇಳಿಕೊಡುವುದು ಬಹುಮಟ್ಟಿಗೆ ಅಸಾಧ್ಯವಾದ್ದರಿಂದ, ಹುಡುಗಿಯರು ಮೊದಲು ದೇವರ ದೀಪಕ್ಕೆ ಬತ್ತಿ ಹೊಸೆಯುವುದರಲ್ಲಿ ಬೆರಳು ಪಳಗಿಸಿ, ಆಮೇಲೆ ಹಂಜಿ ಹೊರಳಿಸುವುದನ್ನು ಕಲಿತು, ಕೊನೆಗೆ ರಾಟಿಯ ಮುಂದೆ ಕೂಡುತ್ತಿದ್ದರು. ಸೀರೆಯ ಗುಣವನ್ನು ನೂಲಿನಲ್ಲಿಯೂ ಮಗಳ ಗುಣವನ್ನು ತಾಯಿಯಲ್ಲಿಯೂ ಕಾಣುವ ಗಾದೆ ಕನ್ನಡದಲ್ಲಿ ನೆಲೆನಿಂತದ್ದು ಇಂಥ ಕಲಿಕೆಯನ್ನು ಕಂಡವರ ನಡುವೆಯೇ ಇರಬೇಕು.

ರಾಟಿಯ ಪ್ರಾಚೀನತೆಯ ಪ್ರಶ್ನೆಯಲ್ಲಿ ಕನ್ನಡದ ಸಾಕ್ಷ್ಯಕ್ಕೆ ವಿಶೇಷವಾದ ಬೆಲೆಯಿದೆ. ರಾಟಿಗಿಂತ ಮೊದಲು ಎಲ್ಲೆಡೆ ಇದ್ದುದು ಕೈಯಿಂದ ತಿರುಗಿಸಿ ಬಿಡುವ ಕದಿರು ಮಾತ್ರ. ಅದಕ್ಕೆ ಚಕ್ರ ಜೋಡಿಸಿದ್ದು ಯಾವಾಗ ಎಂಬುದು ಇತಿಹಾಸಕಾರರ ನಡುವೆ ಚರ್ಚೆಗೊಳಗಾದ ವಿಷಯ. ಇರ್ಫಾನ್ ಹಬೀಬರು ಭಾರತದಲ್ಲಿ ಚರಕದ ಖಚಿತವಾದ ಮೊದಲ ಉಲ್ಲೇಖವು 1350ರಲ್ಲಿ ಪೂರ್ಣಗೊಂಡ ಇಸಾಮಿಯ ‘ಫುತೂಹ್–ಉಸ್–ಸಲಾತೀನ್’ ಎಂಬ ಪಾರಸಿ ಕಾವ್ಯದಲ್ಲಿದೆಯೆಂದೂ, ಚರಕ ಹೊರಗಿನಿಂದ ಬಂದುದೆಂದೂ ವಾದಿಸಿದರು. ಆ ಕಾವ್ಯ ಕೂಡ ಬಹಮನಿ ರಾಜ್ಯದ ಸ್ಥಾಪಕ ಅಲಾವುದ್ದೀನನ ಆಶ್ರಯದಲ್ಲಿ, ದಖ್ಖನದಲ್ಲಿಯೇ ರಚನೆಯಾದದ್ದು. ಇದಕ್ಕೆ ಪ್ರತಿಯಾಗಿ ವಿಜಯಾ ರಾಮಸ್ವಾಮಿಯವರು ಮುಂದಿಟ್ಟದ್ದು ಹನ್ನೆರಡನೆಯ ಶತಮಾನದ ಶರಣೆ ಕದಿರ ರೆಮ್ಮವ್ವೆಯ ಸಾಕ್ಷ್ಯವನ್ನು. ನೂಲುವುದನ್ನೇ ಕಾಯಕವಾಗಿ ಮಾಡಿಕೊಂಡ ಈಕೆ ತನ್ನ ವಚನವೊಂದರಲ್ಲಿ ರಾಟೆಯ ಅಂಗಗಳನ್ನು ಹೆಸರಿಸಿ ಅವುಗಳಲ್ಲಿ ದೇವತೆಗಳನ್ನು ಕಾಣುತ್ತಾಳೆ. ವಚನಗಳ ಹಸ್ತಪ್ರತಿಗಳು ಬಹುಮಟ್ಟಿಗೆ ನಂತರದ ಕಾಲದವಾದ್ದರಿಂದ ಅದೊಂದರ ಬಲದಿಂದ ಚರ್ಚೆ ಮುಗಿಯುವುದಿಲ್ಲವಾದರೂ, ಅಡಿಯ ಹಲಗೆಯಿಂದ ಕದಿರಿನವರೆಗೆ ಯಂತ್ರವನ್ನು ಬಿಡಿಸಿ ಹೇಳುವ ಆ ಬಗೆ ದಿನವೂ ಅದರ ಮುಂದೆ ಕೂತವರಿಗಲ್ಲದೆ ಬರುವಂಥದ್ದಲ್ಲ. ಶರಣೆಯರಲ್ಲಿ ಕದಿರೆ ಕಾಯಕದ ಕಾಳವ್ವೆ ಎಂಬ ಇನ್ನೊಬ್ಬಳೂ ಇದ್ದಾಳೆ. ಕಲ್ಯಾಣದ ಕ್ರಾಂತಿಯ ನಂತರ ಶರಣರ ದಂಡು ಉಳವಿಯತ್ತ ಸಾಗಿದ್ದು ಇದೇ ಮಲಪ್ರಭೆಯ ದಂಡೆಯ ಕಾದರವಳ್ಳಿ, ಮುರಗೋಡ, ಕಿತ್ತೂರು ಸೀಮೆಯ ಮೂಲಕವೆಂಬುದು ಸ್ಥಳೀಯ ಪರಂಪರೆಯ ನಂಬಿಕೆ, ಎಂ.ಕೆ. ಹುಬ್ಬಳ್ಳಿಯ ನದಿಯಲ್ಲಿರುವ ಶರಣೆ ಗಂಗಾಂಬಿಕೆಯ ಐಕ್ಯಮಂಟಪ ಆ ನೆನಪಿನ ಗುರುತು. ಕೈಯ ದುಡಿಮೆಯನ್ನು ಪೂಜೆಗೆ ಸಮನಾಗಿ ಕಾಣುವ ದೃಷ್ಟಿ ಇಲ್ಲಿಯ ಒಕ್ಕಲು ಮನೆಗಳಲ್ಲಿ ಬೇರೂರಿದ್ದು ಈ ಪರಂಪರೆಯಿಂದಲೇ.

ಹತ್ತಿಯ ನೂಲಿನ ಜೊತೆಗೆ ಉಣ್ಣೆಯ ನೂಲಿನ ಬೇರೊಂದು ಲೋಕವೇ ಇತ್ತು, ಮತ್ತು ಅದು ಕುರುಬರ ಮನೆಗಳಿಗೆ ಸೇರಿದ್ದು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ಹುಟ್ಟಿ, ಕಿತ್ತೂರಿನ ಪರವಾಗಿ ಬ್ರಿಟಿಷರೊಡನೆ ಹೋರಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಸಮುದಾಯ ಇದೇ. ಕಂಬಳಿ ಹೊದ್ದ ರಾಯಣ್ಣನ ಚಿತ್ರ ಈ ಭಾಗದ ಹಲವು ಮನೆಗಳ ಗೋಡೆಯ ಮೇಲಿದೆ. ವರ್ಷಕ್ಕೆ ಎರಡು ಬಾರಿ, ಕುರಿಗಳನ್ನು ಹೊಳೆಯಲ್ಲಿ ಮೀಯಿಸಿದ ಮೇಲೆ, ಗಂಡಸರು ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಾರೆ. ಹಿಂಜಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ. ಹಾಸನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳನ್ನು, ಹುಣಸೆಬೀಜವನ್ನು ಅರೆದು ಕುದಿಸಿದ ಸರಿಯಿಂದ ಗಟ್ಟಿಗೊಳಿಸಿ, ಕುಣಿಮಗ್ಗದಲ್ಲಿ ಮತ್ತೆ ಗಂಡಸರು ನೇಯುತ್ತಾರೆ. ಹುಣಸೆಬೀಜದ ಸರಿ ಒಣಗಿದ ಕಂಬಳಿ ಮೊದಮೊದಲು ಚರ್ಮದಂತೆ ಬಿರುಸಾಗಿದ್ದು, ಮಳೆಯ ನೀರನ್ನು ಬೇಗ ಒಳಕ್ಕೆ ಬಿಡದು. ಬಣ್ಣ ಹಾಕುವ ರೂಢಿಯಿಲ್ಲ; ಕುರಿಯ ಕಪ್ಪೇ ಕಂಬಳಿಯ ಕಪ್ಪು, ಅಂಚಿನ ಬಿಳಿಯೆಳೆ ಬಿಳಿ ಕುರಿಯದು. ಕುರುಬರಲ್ಲಿ ಮದುವೆಯ ಕಂಕಣವನ್ನು ಉಣ್ಣೆಯ ನೂಲಿನಿಂದ ಕಟ್ಟುವವರು ಉಣ್ಣೆಕಂಕಣದವರೆಂದೂ, ಹತ್ತಿಯ ನೂಲಿನಿಂದ ಕಟ್ಟುವವರು ಹತ್ತಿಕಂಕಣದವರೆಂದೂ ಎರಡು ಪಂಗಡಗಳಾಗಿದ್ದುದು ಗಮನಾರ್ಹ: ಒಂದು ಸಮಾಜ ತನ್ನನ್ನು ತಾನು ವಿಂಗಡಿಸಿಕೊಳ್ಳಲು ಬಳಸಿದ ಗುರುತು ಮಣಿಕಟ್ಟಿನ ನೂಲೆಳೆ. ಇತರರ ಮನೆಗಳಲ್ಲಿಯೂ ನೂಲಿಗೆ ಆಚರಣೆಯ ಸ್ಥಾನವಿತ್ತು. ಶಿವದಾರ, ಜನಿವಾರ, ಗೆಜ್ಜೆವಸ್ತ್ರ, ಅನಂತನ ದಾರ ಇವೆಲ್ಲ ಕೈನೂಲನ್ನು ಬೇಡುತ್ತಿದ್ದವು; ಶ್ರಾವಣದ ಹುಣ್ಣಿಮೆಯನ್ನು ಈ ಭಾಗದಲ್ಲಿ ನೂಲಹುಣ್ಣಿಮೆ ಎಂದೇ ಕರೆಯುತ್ತಾರೆ. ಗಂಡಸರೂ ಕೈ ಕಟ್ಟಿ ಕುಳಿತವರಲ್ಲ. ಪುಂಡಿಯ ನಾರನ್ನು ಹೊಸೆದು ಹಗ್ಗ, ಕಣ್ಣಿ, ಮಿಣಿ ಮಾಡುವುದು ಒಕ್ಕಲಿಗನ ಬಿಡುವಿನ ಕೆಲಸವಾಗಿತ್ತು.

ಪೇಶ್ವೆಯ ಆಳ್ವಿಕೆ 1818ರಲ್ಲಿ ಕೊನೆಗೊಂಡು ಈ ಸೀಮೆ ಕಂಪನಿ ಸರಕಾರದ ಪ್ರಭಾವಕ್ಕೆ ಒಳಪಟ್ಟಿತು. ಕಿತ್ತೂರಿನ ಸಂಸ್ಥಾನವು 1824ರ ಅಕ್ಟೋಬರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿ ಗೆದ್ದರೂ ಅದೇ ಡಿಸೆಂಬರಿನಲ್ಲಿ ಸೋತಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ 1948ರ ವಿಲೀನದವರೆಗೆ ಉಳಿಯಿತು. ನೂಲುವವರ ಬದುಕಿನ ಮಟ್ಟಿಗೆ ಈ ರಾಜಕೀಯ ಬದಲಾವಣೆಗಿಂತಲೂ ದೊಡ್ಡ ಪೆಟ್ಟು ಎರಡು ದಿಕ್ಕಿನಿಂದ ನಿಧಾನವಾಗಿ ಬಂದಿತು: ಹತ್ತಿ ಹೊರಕ್ಕೆ ಹೋಗತೊಡಗಿತು, ನೂಲು ಒಳಕ್ಕೆ ಬರತೊಡಗಿತು. ಇಲ್ಲಿಯ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದುದರಿಂದ ಮುಂಬಯಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತು. 1840ರ ದಶಕದಿಂದ ಅಮೆರಿಕದ ಬೀಜದ ಹತ್ತಿಯನ್ನು ಸರಕಾರವೇ ಮುಂದೆ ನಿಂತು ಬೆಳೆಸಿತು. ಅದು ಧಾರವಾಡ–ಅಮೆರಿಕನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗಿನ ವರ್ಷಗಳಲ್ಲಿ ಲ್ಯಾಂಕಾಶೈರಿನ ಗಿರಣಿಗಳು ಹತ್ತಿಗಾಗಿ ಬಾಯ್ಬಿಟ್ಟಾಗ ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು, ಮತ್ತು ಮನೆಯ ರಾಟಿಗೆಂದು ಅರಳೆಯನ್ನು ಎತ್ತಿಡುವುದು ರೈತನಿಗೆ ನಷ್ಟದ ಬಾಬತ್ತಾಗಿ ಕಾಣತೊಡಗಿತು.

ಗಿರಣಿಯ ನೂಲು ಬಂದೊಡನೆ ರಾಟಿ ನಿಂತಿತೆಂದು ಹೇಳುವುದು ಸರಳವಾದ ಚಿತ್ರಣ; ನಡೆದದ್ದು ಅಷ್ಟು ಸರಳವಲ್ಲ. ನೂಲಿನ ಸಣ್ಣತನವನ್ನು ನಂಬರಿನಿಂದ ಅಳೆಯುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ 840 ಗಜದ ಒಂದು ಲಡಿಯನ್ನು ಮಾನವಾಗಿಟ್ಟುಕೊಂಡು, ಒಂದು ಪೌಂಡು ತೂಕದಲ್ಲಿ ಅಂಥ ಎಷ್ಟು ಲಡಿಗಳು ಬರುವವೋ ಅದೇ ಆ ನೂಲಿನ ನಂಬರು. ನಂಬರು ಹೆಚ್ಚಿದಷ್ಟೂ ನೂಲು ಸಣ್ಣದು. ಯಂತ್ರ ಮೊದಲು ಗೆದ್ದದ್ದು ಸಣ್ಣ ನಂಬರಿನ ದಪ್ಪ ನೂಲಿನಲ್ಲಲ್ಲ, ದೊಡ್ಡ ನಂಬರಿನ ನಯವಾದ ನೂಲಿನಲ್ಲಿ. ಆಮೇಲೆ, ಮಗ್ಗದ ಎಳೆತವನ್ನು ತಾಳಿಕೊಳ್ಳಬೇಕಾದ ಹಾಸಿನ ಎಳೆಗಳಿಗೆ ನೇಕಾರರು ಗಿರಣಿಯ ನೂಲನ್ನು ಕೊಂಡು, ಅಡ್ಡಲಾಗಿ ಹೊಗಿಸುವ ಹೊಕ್ಕಿಗೆ ಮಾತ್ರ ಕೈನೂಲನ್ನು ಉಳಿಸಿಕೊಂಡರು. ಮುಂಬಯಿಯ ಫೋರ್ಬ್ಸ್ ಕಂಪನಿ 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದ ನೂಲಿನ ಗಿರಣಿಯನ್ನು ನಡೆಸತೊಡಗಿದಾಗ, ಅಗ್ಗದ ನೂಲು ಕಡಲು ದಾಟಿ ಬರಬೇಕಾದ ಅಗತ್ಯವೂ ಉಳಿಯಲಿಲ್ಲ. ಘಟಪ್ರಭೆಯ ದಂಡೆಯಿಂದ ಮಲಪ್ರಭೆಯ ದಂಡೆಯ ಮಗ್ಗಗಳಿಗೆ ಅದು ಗಾಡಿಯಲ್ಲಿ ಬರುವಷ್ಟು ಹತ್ತಿರವಾಯಿತು. ಕೈನೂಲಿಗೆ ಉಳಿದದ್ದು ಜಮಖಾನೆ, ಗೋಣಿ, ದಪ್ಪ ಹಚ್ಚಡಗಳಂಥವು. ರಾಮದುರ್ಗದ ನೇಕಾರ ನೂಲು ಬದಲಿಸಿ ಮಗ್ಗವನ್ನು ಉಳಿಸಿಕೊಂಡ. ಅವನಿಗೆ ನೂಲು ಮಾರುತ್ತಿದ್ದ ಹೆಂಗಸಿಗೆ ಬದಲಿಸಲು ಏನೂ ಇರಲಿಲ್ಲ. ಸಂತೆಗೆ ಎರಡು ಕುಕ್ಕಡಿ ಒಯ್ದು ಉಪ್ಪು–ಎಣ್ಣೆಗೆ ಕಾಸು ಮಾಡಿಕೊಳ್ಳುತ್ತಿದ್ದ, ಗಂಡನ ಕೈ ನೋಡಬೇಕಿಲ್ಲದ ಆ ಸಣ್ಣ ಆದಾಯ ಹೋದದ್ದಕ್ಕೆ ಅರ್ಜಿ ಬರೆದವರಿಲ್ಲ, ವರದಿ ಮಾಡಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ನಷ್ಟಗಳಲ್ಲಿ ಇದು ತೀರ ಕಡಿಮೆ ದಾಖಲಾದದ್ದು.

ಮೂಲೆ ಸೇರಿದ್ದ ರಾಟಿ ಮತ್ತೆ ಹೊರಬಂದದ್ದು ಬೇರೆಯೇ ಅರ್ಥದಲ್ಲಿ. 1921ರಲ್ಲಿ ಬೆಜವಾಡದಲ್ಲಿ ಕಾಂಗ್ರೆಸ್ ಸಮಿತಿ 20 ಲಕ್ಷ ಚರಕಗಳನ್ನು ಚಾಲನೆಗೊಳಿಸುವ ಕಾರ್ಯಕ್ರಮವನ್ನು ಅಂಗೀಕರಿಸಿತು. ಕಿತ್ತೂರಿನ ಯುದ್ಧ ನಡೆದು ಸರಿಯಾಗಿ ನೂರು ವರ್ಷಗಳಾದ ಮೇಲೆ, 1924ರ ಡಿಸೆಂಬರ್ 26 ಮತ್ತು 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅಲ್ಲಿ ಅಂಗೀಕಾರವಾದ ಸದಸ್ಯತ್ವದ ನಿಯಮದಂತೆ ಪ್ರತಿಯೊಬ್ಬ ಸದಸ್ಯನೂ ತಿಂಗಳಿಗೆ 2000 ಗಜ ಸಮನಾದ ನೂಲನ್ನು ತಾನೇ ನೂತು ಒಪ್ಪಿಸಬೇಕಿತ್ತು; ಕಾಯಿಲೆಯಿಂದಲೋ ಮನಸ್ಸಿಲ್ಲದೆಯೋ ನೂಲದವನು ಇನ್ನೊಬ್ಬರು ನೂತ ಅಷ್ಟೇ ನೂಲನ್ನು ಕೊಡಬೇಕಿತ್ತು. ಪ್ರಮಾಣ ಹೆಚ್ಚಿನದೇನಲ್ಲ: 20ನೆಯ ನಂಬರಿನ ನೂಲಾದರೆ 2000 ಗಜ ತೂಗುವುದು ಸುಮಾರು 54 ಗ್ರಾಂ ಮಾತ್ರ, ಮತ್ತು ದಿನಕ್ಕೆ ಅರ್ಧ ಗಂಟೆ ಕೂತರೆ ಹೊಸಬನೂ ತಿಂಗಳೊಳಗೆ ಅದನ್ನು ಮುಗಿಸಬಹುದು. ಆದರೂ ನಿಯಮ ನಿಲ್ಲಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದ ಸಮಿತಿ ವರ್ಷಕ್ಕೆ ನಾಲ್ಕಾಣೆ ಅಥವಾ 2000 ಗಜ ನೂಲು ಎಂದು ಅದನ್ನು ಸಡಿಲಿಸಿತು. ಅಲ್ಲಿಯೇ ಅಖಿಲ ಭಾರತ ಚರಕಾ ಸಂಘವೂ ಸ್ಥಾಪನೆಯಾಯಿತು. ಬೆಳಗಾವಿಯ ನಿಯಮದ ಸೋಲನ್ನು ರಾಜಕೀಯ ಚರಿತ್ರೆಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನೂಲಿನ ಚರಿತ್ರೆಯ ದೃಷ್ಟಿಯಿಂದ ಅದು ದೊಡ್ಡ ತಿರುವು: ಹೆಂಗಸರು ಬಿಡುವಿನಲ್ಲಿ ಮಾಡುತ್ತಿದ್ದ, ಯಾರೂ ಲೆಕ್ಕಕ್ಕಿಡದ ಕೆಲಸವನ್ನು ಒಂದು ರಾಷ್ಟ್ರೀಯ ಸಂಸ್ಥೆ ಸದಸ್ಯತ್ವದ ಅಳತೆಗೋಲಾಗಿ ಎತ್ತಿಹಿಡಿಯಿತು, ಮತ್ತು ವಕೀಲರು, ಮಾಸ್ತರರು, ವ್ಯಾಪಾರಿಗಳು ನೂಲುವುದನ್ನು ಮೊದಲಿನಿಂದ ಕಲಿಯಬೇಕಾಗಿ ಬಂದಿತು.

ಬೆಳಗಾವಿ ಅಧಿವೇಶನದ ರೂವಾರಿಯಾಗಿದ್ದ ಗಂಗಾಧರರಾವ್ ದೇಶಪಾಂಡೆಯವರು ತಮ್ಮ ಹುಟ್ಟೂರಾದ ಹುದಲಿಯನ್ನು ಖಾದಿಯ ಕೇಂದ್ರವನ್ನಾಗಿ ಬೆಳೆಸಿದರು. ಕರ್ನಾಟಕದ ಖಾದಿ ಭಗೀರಥರೆಂದು ಕನ್ನಡಿಗರು ಅವರನ್ನು ಕರೆದದ್ದು ಇದಕ್ಕಾಗಿಯೇ. ಹುದಲಿ ಬೆಳಗಾವಿ ತಾಲೂಕಿನಲ್ಲಿದ್ದರೂ ಬೈಲಹೊಂಗಲದ ನೇಸರಗಿಗೆ ಸಮೀಪದ ಊರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಅಲ್ಲಿ ನಡೆದಾಗ ಗಾಂಧೀಜಿ ಹಲವು ದಿನ ಅಲ್ಲಿಯೇ ತಂಗಿದ್ದರು. ಅದಕ್ಕೂ ಮೊದಲು, 1935ರಲ್ಲಿ, ಚರಕಾ ಸಂಘ ಕೈಗೊಂಡ ನಿರ್ಧಾರ ಇಲ್ಲಿ ಉಲ್ಲೇಖಕ್ಕೆ ಅರ್ಹವಾಗಿದೆ: ಖಾದಿಯ ಬೆಲೆ ಏರಿದರೂ ಚಿಂತೆಯಿಲ್ಲ, ನೂಲುವವರ ಕೂಲಿ ಹೊಟ್ಟೆಬಟ್ಟೆಗೆ ಸಾಲುವಷ್ಟಾಗಬೇಕು ಎಂದು ಸಂಘ ಗೊತ್ತುಮಾಡಿತು. ಬಿಡುವಿನ ಕೆಲಸಕ್ಕೆ ಕಾಸು ಕೊಟ್ಟರೆ ಸಾಕು ಎಂಬ ಹಳೆಯ ಭಾವನೆಯನ್ನು ಖಾದಿಯ ಒಳಗಿನವರೇ ಪ್ರಶ್ನಿಸಿದ ಗಳಿಗೆ ಅದು.

ವ್ರತವಾಗಿದ್ದ ನೂಲುವಿಕೆ ಮುಂದೆ ಪಾಠವಾಯಿತು. 1937ರ ವರ್ಧಾ ಯೋಜನೆ ಕೈಕಸುಬಿನ ಸುತ್ತ ಎಲ್ಲ ವಿಷಯಗಳನ್ನೂ ಕಲಿಸುವ ಮೂಲಶಿಕ್ಷಣವನ್ನು ಮುಂದಿಟ್ಟಿತು. ಮುಂಬಯಿ ಪ್ರಾಂತ ಅದನ್ನು ಆಯ್ದ ಶಾಲೆಗಳಲ್ಲಿ ಪ್ರಯೋಗಿಸಿತು, ಸ್ವಾತಂತ್ರ್ಯಾನಂತರ ವಿಸ್ತರಿಸಿತು. 1956ರ ನವೆಂಬರಿನವರೆಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ತಕಲಿ ಹೀಗೆ ಪಾಟಿಚೀಲದ ಭಾಗವಾಯಿತು. ತಕಲಿಯೆಂದರೆ ಗೇಣುದ್ದದ ತಂತಿ, ಅದರ ಕೆಳತುದಿಯ ಬಳಿ ಕಾಸಿನಗಲದ ಹಿತ್ತಾಳೆಯ ಬಿಲ್ಲೆ, ಮೇಲ್ತುದಿಯಲ್ಲಿ ಎಳೆ ಸಿಕ್ಕಿಸುವ ಕೊಕ್ಕೆ. ಚಕ್ರವೂ ಇಲ್ಲ, ಕೂಡಲು ಜಾಗವೂ ಬೇಡ. ರೆಮ್ಮವ್ವೆಯ ರಾಟೆಗಿಂತಲೂ ಹಳೆಯದಾದ ಸಾಧನ ಇಪ್ಪತ್ತನೆಯ ಶತಮಾನದ ನಡುವೆ ಶಾಲೆಯ ವೇಳಾಪಟ್ಟಿಯಲ್ಲಿ ಹೊಸ ಶಿಕ್ಷಣವಾಗಿ ಬಂದದ್ದು ಆಶ್ಚರ್ಯವೇ ಸರಿ. ಇದರಿಂದ ಒಂದು ಮಹತ್ವದ ಬದಲಾವಣೆಯಾಯಿತು: ಹುಡುಗರೂ ನೂಲತೊಡಗಿದರು, ಮತ್ತು ತಾಯಿಯಿಂದ ಮಗಳಿಗೆ ಇಳಿದು ಬರುತ್ತಿದ್ದ ವಿದ್ಯೆಗೆ ಅಂಕಗಳು ಬಂದವು. ಆದರೆ ಹಂಜಿ ಎಲ್ಲಿಂದಲೋ ಬಂದು ನೂಲು ಎಲ್ಲಿಗೋ ಹೋಗುತ್ತಿದ್ದ ಶಾಲೆಯಲ್ಲಿ ಮಗು ತಾನು ನೂತ ನೂಲು ಬಟ್ಟೆಯಾದುದನ್ನು ಕಾಣುವ ಅವಕಾಶ ವಿರಳವಾಗಿತ್ತು. ತಕಲಿಯ ತರಗತಿ ಸದ್ದಿಲ್ಲದೆ ಮರೆಯಾದುದಕ್ಕೆ ಇದೇ ಮುಖ್ಯ ಕಾರಣವೆಂದು ತೋರುತ್ತದೆ.

ಕೂಲಿಯ ನೂಲುವಿಕೆ ಇನ್ನೊಂದು ದಾರಿ ಹಿಡಿಯಿತು. ತಮಿಳುನಾಡಿನ ಏಕಾಂಬರನಾಥರು ರೂಪಿಸಿದ, ಹಲವು ಕದಿರುಗಳನ್ನು ಒಟ್ಟಿಗೆ ನಡೆಸುವ ಅಂಬರ ಚರಕ 1950ರ ದಶಕದಲ್ಲಿ ಖಾದಿ ಕೇಂದ್ರಗಳನ್ನು ತಲುಪಿತು. ಕಿತ್ತೂರು ಮತ್ತು ಬೈಲಹೊಂಗಲಕ್ಕೆ ಹತ್ತಿರದ ಧಾರವಾಡ ತಾಲೂಕಿನ ಗರಗ ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾಯಿತು. 1957ರ ನವೆಂಬರ್ 1ರಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮುಂದೆ ಧ್ವಜ ತಯಾರಿಕೆಯ ಮನ್ನಣೆ ಪಡೆಯಿತು. ಅಂಬರದಲ್ಲಿ ಬೆರಳಿನ ಎಳೆತವನ್ನು ಉರುಳೆಗಳು ಮಾಡುವುದರಿಂದ ಉತ್ಪತ್ತಿ ಹೆಚ್ಚಿತು, ಕೂಲಿಯೂ ಏರಿತು. ನಿಗದಿಯಾದ ವೇಳೆಗೆ ಕೇಂದ್ರಕ್ಕೆ ಹೋಗಿ ನೂತು ಬರುವ ಹೆಂಗಸಿಗೆ ಅದು ಪೂರ್ಣ ಅರ್ಥದಲ್ಲಿ ಉದ್ಯೋಗವಾಯಿತು. ಹೀಗೆ ಒಂದೇ ಕೆಲಸ ಎರಡಾಗಿ ಒಡೆಯಿತು: ಒಂದೆಡೆ ಲಡಿಯ ಲೆಕ್ಕದ ಕೂಲಿ, ಇನ್ನೊಂದೆಡೆ ಪೆಟ್ಟಿಗೆ ಚರಕವನ್ನು ಬಿಚ್ಚಿಟ್ಟುಕೊಂಡು ಮನಸ್ಸಿನ ಸಮಾಧಾನಕ್ಕೆ ಅರ್ಧ ಗಂಟೆ ನೂಲುವ ಹವ್ಯಾಸ. ಹತ್ತಿಯೂ ಬದಲಾಯಿತು. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟಿನ ನೀರು ಮತ್ತು 1972ರಲ್ಲಿ ಧಾರವಾಡದಿಂದ ಬಿಡುಗಡೆಯಾದ ವರಲಕ್ಷ್ಮಿ ಎಂಬ ಸಂಕರ ತಳಿ ಬಹುತೇಕ ಒಟ್ಟೊಟ್ಟಿಗೆ ಬಂದು, ಸವದತ್ತಿಯ ಸುತ್ತಲಿನ ಹೊಲಗಳು ದೂರದ ಗಿರಣಿಗಳಿಗಾಗಿ ಉದ್ದ ಎಳೆಯ ಹತ್ತಿ ಬೆಳೆಯತೊಡಗಿದವು. ಅದರ ಬೆಲೆ ಕುಸಿದಾಗ ಎಂಥ ಸಂಕಟವಾಯಿತೆಂಬುದನ್ನು ನೆರೆಯ ನರಗುಂದ–ನವಲಗುಂದಗಳ 1980ರ ರೈತ ಬಂಡಾಯ ಹೇಳುತ್ತದೆ. ಕೈನೂಲಿಗೆ ಒಗ್ಗಿದ್ದ ಜವಾರಿ ಹತ್ತಿ, ಮತ್ತು ಅದೇ ವಂಶದ ಜಯಧರ ತಳಿ, ಹಿಂದೆ ಸರಿದವು.

ಹೆಣಿಗೆ ಈ ಸೀಮೆಗೆ ಬಂದದ್ದು ತಡವಾಗಿ ಮತ್ತು ಸಂಪೂರ್ಣವಾಗಿ ಬೇರೆ ದಾರಿಯಿಂದ. ಎರಡು ಉದ್ದ ಸೂಜಿಗಳಿಂದ ಒಂದೇ ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ತೂರಿಸುತ್ತ, ಮಗ್ಗವಿಲ್ಲದೆ ಬಟ್ಟೆಯನ್ನು ಕಟ್ಟುವ ಈ ಕಲೆ ಇಲ್ಲಿಯ ಹಳೆಯ ಕೈಗೆಲಸಗಳಾದ ಕಸೂತಿ ಮತ್ತು ಕೌದಿಯ ಸಾಲಿನದಲ್ಲ. ಬೆಳಗಾವಿಯಲ್ಲಿ 1820ರಲ್ಲಿ ನೆಲೆಯೂರಿದ ಲಂಡನ್ ಮಿಷನ್, ಧಾರವಾಡದಲ್ಲಿ 1837ರಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಮತ್ತು ಬೆಳಗಾವಿಯ ದಂಡು ಪ್ರದೇಶದ ಐರೋಪ್ಯ ಕುಟುಂಬಗಳು ಸೂಜಿಗೆಲಸವನ್ನು ಹೆಣ್ಣುಮಕ್ಕಳ ಶಿಕ್ಷಣದ ಅಂಗವೆಂದು ತಿಳಿದವರು. ಮುಂದೆ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ–ಹೆಣಿಗೆ ಒಂದು ವಿಷಯವಾಯಿತು. ಸ್ವಾತಂತ್ರ್ಯಾನಂತರ ಸಮುದಾಯ ಅಭಿವೃದ್ಧಿ ಯೋಜನೆಯ ಮಹಿಳಾ ಮಂಡಳಗಳು ಅದನ್ನು ತಾಲೂಕಿನ ಊರುಗಳಿಗೂ ಒಯ್ದವು. ಸುಲಟಾ, ಉಲಟಾ ಎಂಬ ಮರಾಠಿ ಮಾತುಗಳಿಂದ ಗುರುತಿಸುವ ಎರಡೇ ಎರಡು ಬಗೆಯ ಕುಣಿಕೆಗಳನ್ನು ಲೆಕ್ಕ ಹಿಡಿದು ಹೊಂದಿಸಿದರೆ ಚೌಕಳಿಯಂಥ ಹಲವು ಮಾದರಿಗಳು ಮೂಡುತ್ತವೆ. ಒಂದು ಕುಣಿಕೆ ಜಾರಿದರೆ ಸಾಲುಗಳು ಕೆಳಗಿನವರೆಗೆ ಬಿಚ್ಚಿಕೊಳ್ಳುತ್ತವೆ. ಬಾಣಂತಿಯ ಮನೆಯಲ್ಲಿ ಕೂಸಿಗೆ ಬಟ್ಟೆಯ ಕುಂಚಿಗೆಯ ಪಕ್ಕದಲ್ಲಿ ಹೆಣೆದ ಕುಲಾಯಿಯೂ ಕಾಲುಚೀಲವೂ ಸೇರಿದವು. ಬೆಳಗಾವಿಯ ಚಳಿಗೆ ಶಾಲೆಗೆ ಹೋಗುವ ಮಕ್ಕಳಿಗೆ ಸ್ವೆಟರ್ ರೂಢಿಯಾಯಿತು. ಬಾಗಿಲಿಗೆ ಕ್ರೋಶಾದ ತೋರಣ, ಟೇಬಲ್ಲಿಗೆ ಅದೇ ಹೊದಿಕೆ. ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ನಾಲ್ವರು ಕೂಡಿ ಮಾತಾಡುತ್ತ ಕೈಯಾಡಿಸುವ ಹೊತ್ತು ಹಿಂದೆ ರಾಟಿಯದಾಗಿತ್ತು. ಅದೇ ಹೊತ್ತನ್ನು ಹೆಣಿಗೆ ಪಡೆದುಕೊಂಡಿತು. ವ್ಯತ್ಯಾಸವೆಂದರೆ, ರಾಟಿಯ ಹೆಂಗಸು ಸಂತೆಗೆ ಮಾರುವವಳಾಗಿದ್ದಳು, ಸೂಜಿಯ ಹೆಂಗಸು ಅಂಗಡಿಯಿಂದ ಉಂಡೆ ಕೊಳ್ಳುವವಳಾದಳು.

ಆ ಉಂಡೆ ಎಲ್ಲಿಂದ ಬಂದಿತೆಂಬ ಪ್ರಶ್ನೆ ಈ ಸೀಮೆಯ ಚರಿತ್ರೆಯಲ್ಲಿ ಕೇಳಲೇಬೇಕಾದದ್ದು. ಕಾನಪುರದ ಲಾಲ್ ಇಮ್ಲಿ, ಲೂಧಿಯಾನದ ಓಸ್ವಾಲ್ ಮತ್ತು ವರ್ಧಮಾನ್ ಗಿರಣಿಗಳ ನೂಲು, ಈಚೆಗೆ ಅಕ್ರಿಲಿಕ್ ಎಂಬ ರಾಸಾಯನಿಕ ಎಳೆ, ಇವು ಉತ್ತರ ಭಾರತದಿಂದ ಬಂದು ಬೈಲಹೊಂಗಲದ ಅಂಗಡಿಗಳಲ್ಲಿ ತೂಗಿದವು. ಅದೇ ಪೇಟೆಯ ಹೊರಗಿನ ಬೀಳಿನಲ್ಲಿ ಕುರುಬರ ಹಿಂಡುಗಳ ಉಣ್ಣೆ ಕೊಳ್ಳುವವರಿಲ್ಲದೆ ಉಳಿಯತೊಡಗಿತು. ಎಳೆಯ ದಪ್ಪವನ್ನು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ ಅಳೆಯುತ್ತಾರೆ. ಸ್ವೆಟರಿಗೆ ಹೆಸರಾದ ಮೆರಿನೋ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿನೊಳಗಿದ್ದರೆ ದಖ್ಖನಿ ಕುರಿಯದು ಅದಕ್ಕಿಂತ ಬಹಳ ದಪ್ಪ, ಬಿರುಸು, ನಡುನಡುವೆ ಕೂದಲು ಬೆರೆತದ್ದು. ಮೈಗೆ ತಾಗಿದರೆ ಚುಚ್ಚುತ್ತದೆ. ಆದರೆ ಕಾರಣ ಅದೊಂದೇ ಅಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆ ಮೆತ್ತಗಿರುತ್ತದೆಂಬುದು ಕಂಬಳಿ ನೇಯುವವರಿಗೆಲ್ಲ ಗೊತ್ತು. ಮೇಲಂಗಿಗೆ, ಟೊಪ್ಪಿಗೆಗೆ, ಚೀಲಕ್ಕೆ ಅದು ಸಾಕಾಗುತ್ತಿತ್ತು. ಹೆಣೆಯುವವಳು ಶಾಲೆಯಲ್ಲಿ, ಪತ್ರಿಕೆಯ ಮಹಿಳಾ ಪುಟದ ಮಾದರಿ ನೋಡಿ ಕಲಿತವಳು. ಉಣ್ಣೆ ನೂಲುವವಳು ಅತ್ತೆಯ ಪಕ್ಕ ಕುಳಿತು ಕಲಿತವಳು. ಒಂದೇ ಊರಿನ ಎರಡು ಓಣಿಗಳಲ್ಲಿದ್ದರೂ ಇವರಿಬ್ಬರನ್ನು ಒಂದೆಡೆ ಕೂರಿಸುವ ಶಾಲೆಯನ್ನಾಗಲಿ ಮಂಡಳವನ್ನಾಗಲಿ ಯಾರೂ ಕಟ್ಟಲಿಲ್ಲ. ಜಾತಿಯ ಕಸುಬನ್ನು ಹಿಂದುಳಿದದ್ದೆಂದೂ, ಶಾಲೆಯ ಕುಶಲತೆಯನ್ನು ಸುಸಂಸ್ಕೃತವೆಂದೂ ಎಣಿಸಿದ ಕಾಲದ ತಪ್ಪು ಇದು; ಇದರ ನಷ್ಟ ಬಿದ್ದದ್ದು ಕುರುಬರ ಮನೆಯ ಮೇಲೆ. ಹಳೆಯ ಉಣ್ಣೆಬಟ್ಟೆಯ ಚಿಂದಿಯಿಂದ ಪಾಣಿಪತ್ತಿನಲ್ಲಿ ಯಂತ್ರ ನೇಯುವ ಅಗ್ಗದ ಹೊದಿಕೆಗಳು ಸವದತ್ತಿಯ ಯಲ್ಲಮ್ಮನ ಜಾತ್ರೆಯ ಅಂಗಡಿಗಳವರೆಗೆ ಬಂದಿರುವ ಈ ಕಾಲದಲ್ಲಿ, ಕೈನೂಲಿನ ಕರಿಕಂಬಳಿಗೆ ಖಚಿತವಾದ ಗಿರಾಕಿಗಳಾಗಿ ಉಳಿದವರು ಗದ್ದುಗೆಯ ಮೇಲೆ ಹಾಸಲು ಕೊಳ್ಳುವ ದೇವಸ್ಥಾನದವರು, ಮದುವೆಯ ಮನೆಯವರು ಮತ್ತು ಮಳೆಯಲ್ಲಿ ಹಿಂಡಿನ ಹಿಂದೆ ನಡೆಯುವ ಕುರಿಗಾರರು.